ಎಂಬತ್ತೇಳರಲ್ಲಿ ಒಂದು

ಹಗಲು ನಾನು ಹಲ್ಲು ಮಾಡುತ್ತೇನೆ,
ಶೇಷಾದ್ರಿಪುರದ ಒಂದು ಮಹಡಿಯಲ್ಲಿ, ಎಂದೂ ಕಂಡಿರದ ಬಾಯಿಗಳಿಗೆ.
ಎಡಗಡೆ, ಕೆಳಗೆ, ಎರಡನೆಯ ದವಡೆಹಲ್ಲು.
ಬಣ್ಣ: ಬೀಡಿ ಸೇದುವವರದು.
ಸಂಜೆ ಅದೇ ಸೂಜಿ, ಅದೇ ಅಕ್ರಿಲಿಕ್ಕು, ಕನ್ನಡಕದ ಮೇಲೆ ಅದೇ ಕನ್ನಡಕ,
ಒಂದು ಗೂಡ್ಸ್ ವ್ಯಾಗನ್ನು:
ನಾಲ್ಕು ಗಾಲಿ, ಮುಚ್ಚಿದ ಡಬ್ಬಿ, ಮೀಟರ್ ಗೇಜು,
ಉದ್ದ ನನ್ನ ಕಿರುಬೆರಳಿಗಿಂತ ಒಂದು ಉಗುರು ಜಾಸ್ತಿ.

ಹಳಿಯ ಅಗಲ ಹನ್ನೊಂದೂವರೆ ಮಿಲಿಮೀಟರು ಬರಬೇಕು.
ಅಂಗಡಿಯಲ್ಲಿ ಸಿಗುವುದು ಹನ್ನೆರಡು.
ಉಳಿದವರಿಗೆ ಅದು ಅರ್ಧ ಮಿಲಿಮೀಟರು,
ನನಗೆ ಅನ್ನದಲ್ಲಿ ಕಲ್ಲು.

ಆಧಾರ ಒಂದೇ ಫೋಟೊ, ಕಪ್ಪುಬಿಳುಪು.
ಚಿಕ್ಕಪೇಟೆಯ ಭಾನುವಾರದ ಫುಟ್‌ಪಾತಿನಲ್ಲಿ
ತುಕ್ಕು ಬೀಗಗಳ ಗುಡ್ಡೆಯಡಿ ಇಪ್ಪತ್ತು ರೂಪಾಯಿಗೆ ಸಿಕ್ಕಿದ್ದು.
ಯಶವಂತಪುರ, ಎಪ್ಪತ್ತೆಂಟು, ಅಂತ ಬೆನ್ನ ಮೇಲೆ ಶಾಯಿ.
ಯಾರನ್ನೋ ಕಳಿಸಿಕೊಡಲು ಬಂದ ಒಂಬತ್ತು ಜನ,
ಹಾರ, ಹೋಲ್ಡಾಲು, ನಗದ ಒಬ್ಬ ಹುಡುಗ.
ಅವರ ಹಿಂದೆ, ಪಕ್ಕದ ಹಳಿಯಲ್ಲಿ, ನನ್ನ ವ್ಯಾಗನ್ನು.
ಜನ ಯಾರೆಂದು ಕೇಳಲಿಲ್ಲ ನಾನು.
ಎಡತುದಿಯ ಆ ಹೆಂಗಸು ಒಂದಡಿ ಸರಿದು ನಿಂತಿದ್ದರೆ
ಬಾಗಿಲ ಅಗುಳಿ ಕಾಣುತ್ತಿತ್ತು, ಅಷ್ಟೇ ಕೊರಗು.
ಒಂದೂವರೆ ವರ್ಷ ಅವಳನ್ನು ಬೈದಿದ್ದೇನೆ,
ಮೆಲ್ಲಗೆ, ಮನೆಯವರಿಗೆ ಕೇಳದ ಹಾಗೆ.

ಕಾಣುವಷ್ಟನ್ನು ಎಣಿಸಿದೆ. ರಿವೆಟ್ಟು ಮುನ್ನೂರ ಹದಿನಾರು.
ಮೂರನೆಯ ಪಟ್ಟಿಯಲ್ಲಿ ಒಂದು ಉದುರಿದೆ. ನಾನೂ ಉದುರಿಸಿದೆ.
ಬಣ್ಣ ರೆಡ್ ಆಕ್ಸೈಡು, ಸರಿ. ಯಾವ ರೆಡ್ ಆಕ್ಸೈಡು?
ಶೆಡ್ಡಿನಿಂದ ಆಗ ತಾನೇ ಬಂದದ್ದೋ,
ಅರಸೀಕೆರೆಯ ಬಿಸಿಲಲ್ಲಿ ಆರು ಬೇಸಿಗೆ ನಿಂತದ್ದೋ?
ಹಲ್ಲಿನ ಬಣ್ಣ ಹೋಲಿಸುವ ಪಟ್ಟಿಯಂಥದೇ ಒಂದು ಮಾಡಿಕೊಂಡು
ಸುಲ್ತಾನ್‌ಪೇಟೆಯ ಹಳೇ ಗೋದಾಮಿನ ಬಾಗಿಲಿಗೆ ಹಿಡಿದು ನೋಡುತ್ತಿದ್ದೆ,
ಕಾವಲುಗಾರ ಓಡಿಸಿದ.

ಕೊನೆಗೆ ಮರ್ಫಿ ಟೌನಿನಲ್ಲಿ ಅರುಳಪ್ಪನವರು ಸಿಕ್ಕರು,
ಯಶವಂತಪುರದ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ
ವ್ಯಾಗನ್ನುಗಳ ಮೇಲೆ ನಂಬರು ಬರೆದವರು.
ಹಲ್ಲು ಸೆಟ್ಟನ್ನು ಲೋಟಕ್ಕೆ ಹಾಕಿ ಕೂತರು
(ನಮ್ಮ ಲ್ಯಾಬಿನದಲ್ಲ).
ಹತ್ತಿ ಬಿಡಿಸಿ ಮುಂದಿಟ್ಟೆ. ಭೂತಗನ್ನಡಿ ಹಿಡಿದು
ಬಹಳ ಹೊತ್ತು ನೋಡಿ, "ನಾಲ್ಕು ತಪ್ಪು" ಅಂದರು.
ಎದೆ ಧಸಕ್ಕೆಂದಿತು. ನಾಲ್ಕಾ?
"ತಪ್ಪು ಒಂದೇ. ನಾಲ್ಕು.
ನೀವು ತಲೆ ಮುಚ್ಚಿ ಬರೆದಿದೀರಿ. ನಾನು ಬಿಟ್ಟು ಬರೀತಿದ್ದೆ.
ಊಟದ ಹೊತ್ತಿಗೆ ಮೂವತ್ತು ಡಬ್ಬಿ ಮುಗಿಸ್ಬೇಕು,
ಮುಚ್ಚುತಾ ಕೂತರೆ ಆಗುತ್ತಾ?"

ಅಗುಳಿ ಹೇಗಿತ್ತು, ಕೇಳಿದೆ, ಈ ಹೆಂಗಸಿನ ಹಿಂದೆ?
"ಬಾಗಿಲ ಕಡೆ ನೋಡ್ತಿರಲಿಲ್ಲ ಸಾರ್. ಒಳಗೇನಿದ್ರೆ ನಮಗೇನು?
ಕಡಲೆಕಾಯಿ ಇದ್ರೆ ಮಾತ್ರ ಗೊತ್ತಾಗೋದು. ಇಲಿ."
ಆಮೇಲೆ ಫೋಟೊವನ್ನು ಕಿಟಕಿಗೆ ಹಿಡಿದು,
"ಈಯಮ್ಮ ಅಳ್ತಿದಾಳೆ, ನೋಡಿದಿರಾ?"

ನೋಡಿರಲಿಲ್ಲ.
ಹತ್ತು ಪಟ್ಟು ಹಿಗ್ಗಿಸುವ ಗಾಜಿನಡಿಯಲ್ಲಿ
ಅವಳ ಸೆರಗು ಮುಗಿದಲ್ಲಿಂದ ನನ್ನ ಅಳತೆ ಶುರುವಾಗುತ್ತಿತ್ತು.

ನಾಲ್ಕನ್ನು ಕೆರೆದು ಬರೆದೆ, ತಲೆ ಬಿಟ್ಟು.
ಯಾರದೋ ಮುಂಬಲ್ಲಿಗೆ ಕಲೆಸಿ ಮಿಕ್ಕ ಚೂರಿನಲ್ಲಿ
ಅವಳನ್ನು ಮಾಡಿದೆ, ಹದಿನೆಂಟು ಮಿಲಿಮೀಟರು.
ಸೆರಗು ಬಾಯಿಗೊತ್ತಿಕೊಂಡಿದ್ದಾಳೆ, ಹಲ್ಲು ಬೇಕಾಗಲಿಲ್ಲ.
ಸೀರೆಯ ಬಣ್ಣ ಗೊತ್ತಿಲ್ಲ. ಬೂದಿಯಾಗಿಯೇ ಬಿಟ್ಟೆ.
ಪ್ಲಾಟ್‌ಫಾರಮ್ಮಿಗೆ ಅಂಟಿಸಿದೆ, ಫೋಟೊದಲ್ಲಿ ಎಲ್ಲಿದ್ದಳೋ ಅಲ್ಲೇ,
ಕೂದಲೆಳೆ ಆಚೀಚೆ ಆಗದ ಹಾಗೆ.
ಅವಳ ಹಿಂದೆ ಬಾಗಿಲು ಬರೀ ತಗಡು,
ಅಗುಳಿಯಿಲ್ಲ, ರಿವೆಟ್ಟಿಲ್ಲ.

ಮೊನ್ನೆ ತಂಗಿಯ ಮಗ ಬಂದ.
ಗಲ್ಲವನ್ನು ಮೇಜಿನ ಅಂಚಿಗೆ ಊರಿ, ಒಂದೇ ಕಣ್ಣು ತೆರೆದು,
ಮಾಮಾ, ತಳ್ಳಲಾ? ಅಂದ.
ಬೇಡ ಮರಿ, ಅಂದೆ,
ಕೈಮರ ಇನ್ನೂ ಬಿದ್ದಿಲ್ಲ.