ಮಹಜರು

ಪಂಚರ್ ಅಂಗಡಿ ಮುಂದೆ ನಾವಿಬ್ಬರು ಪಂಚರು:
ಜೆರಾಕ್ಸಿನ ನಾನು, ಎಳನೀರಿನ ಮುನಿಲಕ್ಷ್ಮಮ್ಮ.
ಶ್ರೀನಿವಾಸಪುರದ ಚಿಂತಾಮಣಿ ರಸ್ತೆಯಲ್ಲಿ
ಬೆಳಗ್ಗೆ ಹತ್ತೂಕಾಲು ಗಂಟೆಗೆ
ಒಂದು ಗಿಳಿಯನ್ನು ಇಲಾಖೆ ವಶಕ್ಕೆ ತೆಗೆದುಕೊಂಡದ್ದನ್ನು
ಕಣ್ಣಾರೆ ಕಂಡೆವೆಂದು
ನಾನು ಸಹಿ ಹಾಕಿದೆ. ಆಕೆ ಹೆಬ್ಬೆಟ್ಟು.

ಗಾರ್ಡು ನಾಗವೇಣಿ ಕೆಲಸಕ್ಕೆ ಸೇರಿ ಎಂಟೇ ತಿಂಗಳು.
ಟೈರಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟಿಟ್ಟು ಬರೆದಳು:
ಗಂಡು. ಹಸಿರು. ಕೊರಳಲ್ಲಿ ಗುಲಾಬಿ ಪಟ್ಟಿ.
ಎಡರೆಕ್ಕೆ ಕತ್ತರಿಸಲಾಗಿದೆ.
"ಕತ್ತರಿಸಿಲ್ಲಮ್ಮಾ," ಅಂದರು ಪ್ಯಾರೇಜಾನ್ ಸಾಬರು,
"ಬಲೆಗೆ ಸಿಕ್ಕಿ ಹರಿದದ್ದು. ಚಲಪತಿಯವರ ಮಾವಿನ ತೋಪಲ್ಲಿ."
ಅದಕ್ಕೆ ಕಾಲಂ ಇರಲಿಲ್ಲ.

ಕಾಯಿ ಬಲಿಯುವ ಕಾಲಕ್ಕೆ ನಮ್ಮೂರಲ್ಲಿ
ಗಿಳಿಯೆಂದರೆ ಕಳ್ಳ.
ಡಬ್ಬ ಬಡೀತೀವಿ, ಪಟಾಕಿ ಹಚ್ತೀವಿ,
ಹಳೇ ಕ್ಯಾಸೆಟ್ಟಿನ ಟೇಪು ಮರದಿಂದ ಮರಕ್ಕೆ ಎಳೆದು
ಗಾಳಿಗೆ ಗುಂಯ್‌ಗುಡಲು ಬಿಡ್ತೀವಿ.
ತೋಪಿನಲ್ಲಿ ಕಳ್ಳನಾದದ್ದು
ಪಂಜರದಲ್ಲಿ ಕಳವಿನ ಮಾಲು.

"ಕಾಡಿನ ಹಕ್ಕಿ ಸರ್ಕಾರದ ಆಸ್ತಿ ತಾತಾ.
ಎಪ್ಪತ್ತೆರಡನೇ ಇಸವಿಯ ಕಾಯ್ದೆ."
"ಎಪ್ಪತ್ತೆರಡರಲ್ಲಿ ನನಗೆ ಒಂಬತ್ತು ವರ್ಷ.
ಯಾರೂ ಬಂದು ಹೇಳಲಿಲ್ಲವಲ್ಲ."

ಎದುರು ಮಾಳಿಗೆಯಲ್ಲಿ, ಅದೇ ಚಲಪತಿಯವರ ಮಾಳಿಗೆಯಲ್ಲಿ,
ಸ್ಟೀಲಿನ ಸರಳಿನೊಳಗೆ ಇನ್ನೊಂದಿದೆ,
ಮೊಳದುದ್ದ ಬಾಲ, ನೀಲಿ ಬೆನ್ನು, ಅರಿಶಿನದ ಎದೆ.
ಸಾಬರು ಬೆರಳೆತ್ತಿ ತೋರಿಸಿದರು. ಬಾಯಿ ಬಿಡಲಿಲ್ಲ.
"ಅದು ಹೊರದೇಶದ್ದು. ಅದಕ್ಕೆ ಕಾಗದ ಇದೆ," ಅಂದಳು.
ಇದೆ. ನನಗೆ ಗೊತ್ತು.
ಅರ್ಜಿ, ಅಫಿಡವಿಟ್ಟು, ಕೊಂಡ ರಸೀದಿ,
ಹದಿನಾಲ್ಕು ಹಾಳೆ, ಮೂರು ಮೂರು ಪ್ರತಿ,
ನಾನೇ ತೆಗೆದುಕೊಟ್ಟೆ. ಎಂಬತ್ತನಾಲ್ಕು ರೂಪಾಯಿ.
ಆ ಹಕ್ಕಿಯ ತಾಯಿ ಯಾವ ಮರದಲ್ಲಿ ಕೂತಿತ್ತೋ
ಅದಕ್ಕೂ ಕಾಲಂ ಇರಲಿಲ್ಲ.

ಹುಡುಗಿ ಕೆಟ್ಟವಳಲ್ಲ. ಮೊಬೈಲು ತೆಗೆದು ತೋರಿಸಿದಳು:
ಒಂದು ಗೋಣಿಚೀಲ, ಬಿಚ್ಚಿದ ಬಾಯಿ,
ಒಳಗೆ ಪುಕ್ಕ ಬಾರದ ಮರಿಗಳು,
ಅರ್ಧಕ್ಕರ್ಧ ಉಸಿರಿಲ್ಲದವು.
"ನೀವು ಒಳ್ಳೆಯವರು, ತಾತಾ.
ಅದು ಕಾನೂನಿಗೆ ಹೇಗೆ ಗೊತ್ತಾಗಬೇಕು?"
ಮುನಿಲಕ್ಷ್ಮಮ್ಮ ಮಚ್ಚು ಕೆಳಗಿಟ್ಟಳು.
ಸಾಬರು ಕನ್ನಡಕ ಒರೆಸಿಕೊಂಡು
ಇನ್ನೊಂದು ಸಲ ನೋಡಿದರು, ಇನ್ನೊಂದು ಸಲ.

ಆಮೇಲೆ ತಾವೇ ಹೋಗಿ
ಪಂಜರದ ತಂತಿ ಬಿಚ್ಚಿದರು.

ಅಷ್ಟು ಹೊತ್ತೂ ಆರೋಪಿ (ಯಾರು ಆರೋಪಿ ಅಂತ ಗಿಳಿಗೇನು ಗೊತ್ತು)
ಪಂಪಿನ ಸದ್ದು ಮಾಡುತ್ತಿತ್ತು, ಟುಸ್, ಟುಸ್.
ರಟ್ಟಿನ ಪೆಟ್ಟಿಗೆಗೆ ಇಳಿಸುವಾಗ
ಹನ್ನೊಂದು ವರ್ಷ ಕಲಿತದ್ದನ್ನೆಲ್ಲ ಒಪ್ಪಿಸಿತು:
ಗಾಳಿ ಇಲ್ಲ. ಗಾಲಿ ಲೇದು. ಹವಾ ನಹೀಂ.
ನಾಗವೇಣಿ ಗಾಬರಿಯಾಗಿ
ಪೆನ್ನಿನ ಮೊನೆಯಿಂದ ಪೆಟ್ಟಿಗೆಗೆ
ಇನ್ನೂ ನಾಲ್ಕು ತೂತು ಕೊರೆದಳು.

"ಬಿಟ್ಟುಬಿಡ್ತೀರಾ ಅದನ್ನ?"
"ರೆಕ್ಕೆ ಬಂದರೆ. ಮಾತು ಮರೆತರೆ.
ಮಾತಾಡೋ ಗಿಳೀನ ಗುಂಪು ಸೇರಿಸಲ್ಲ ತಾತಾ."

ಮೊದಲ ಸಲ ಅಂತ ದಂಡವಿಲ್ಲ, ಮುಚ್ಚಳಿಕೆ ಮಾತ್ರ.
ಈಗ ಮೊಳೆಯಲ್ಲಿ ಸೈಕಲ್ ಟ್ಯೂಬು ತೂಗುತ್ತದೆ.
ಶುಕ್ರವಾರ ನಮಾಜು ಮುಗಿಸಿ ನನ್ನಲ್ಲಿಗೆ ಬರುತ್ತಾರೆ:
ಒಂದು ಹಕ್ಕಿ ಮಾತು ಮರೆಯೋಕೆ ಎಷ್ಟು ದಿನ ಬೇಕು,
ಆ ಮಷೀನಲ್ಲಿ ನೋಡಿ ಹೇಳಪ್ಪಾ.
ಇದು ಬರೀ ನಕಲು ತೆಗೆಯೋ ಮಷೀನು ಸಾಬರೇ, ಅಂತೀನಿ.
ಹೋಗಿ ನೋಡಿಬನ್ನಿ, ಎರಡು ಬಸ್ಸು ಅಷ್ಟೇ, ಅಂತೀನಿ.
ಬೇಡ ಅನ್ನುತ್ತಾರೆ.
ನನ್ನ ಮುಖ ಕಂಡರೆ ನೆನಪಾಗಿಬಿಡುತ್ತೆ ಅದಕ್ಕೆ.

ಅಂಗಡಿಗೆ ಹುಡುಗರು ಸೈಕಲ್ ತಳ್ಳಿಕೊಂಡು ಬಂದರೆ
ಚಕ್ರ ಒತ್ತಿ ನೋಡುತ್ತಾರೆ,
ತಲೆ ಆಡಿಸುತ್ತಾರೆ,
ಆ ಎರಡು ಪದ ಮಾತ್ರ ಹೇಳುವುದಿಲ್ಲ.