ಇಪ್ಪತ್ನಾಲ್ಕೂವರೆ

ಕಬ್ಬನ್ ಪಾರ್ಕಿನ ಟೆನಿಸ್ ಅಂಗಳದ ಹಿಂದೆ
ಜನರೇಟರ್ ಪಕ್ಕ, ನೀಲಿ ಟಾರ್ಪಾಲಿನ ಕೆಳಗೆ
ನನ್ನ ಮೇಜು, ಗಟ್ಟು ಎಳೆಯುವ ಯಂತ್ರ.
ವರ್ಷಕ್ಕೊಂದು ವಾರ ದೇಶದೇಶದ ಬ್ಯಾಟುಗಳು
ಹೊಟ್ಟೆ ಹರಿದುಕೊಂಡು ಬಂದು ಇಲ್ಲಿ ಮಲಗುತ್ತವೆ.

ಅಪ್ಪ ಕಬ್ಬನ್‌ಪೇಟೆಯಲ್ಲಿ
ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತವನು.
ಹಾಸು ಮೊದಲು, ಹೊಕ್ಕು ಆಮೇಲೆ.
ನನಗೂ ಅಷ್ಟೇ: ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹತ್ತೊಂಬತ್ತು,
ಒಂದರ ಮೇಲೆ, ಒಂದರ ಕೆಳಗೆ.
ಸೀರೆ ಮಾತ್ರ ಆಗುವುದಿಲ್ಲ.

ಆ ಫೆಬ್ರವರಿ ಸ್ವೀಡನ್ನಿನ ಹುಡುಗನೊಬ್ಬ ಬಂದ.
ಮೆಲ್ಕರ್ ಓಕೆರ್‌ಲಿಂಡ್. ಹತ್ತೊಂಬತ್ತು.
ಚೆಂಡು ಹೆಕ್ಕುವ ಹುಡುಗರ ಬಾಯಲ್ಲಿ ಎರಡೇ ದಿನಕ್ಕೆ 'ಮೇಲ್ಕೆರೆ',
ಮಾಗಡಿ ಕಡೆಯ ಯಾವುದೋ ಊರಿನವನ ಹಾಗೆ.
ಲೋಕದ ಪಟ್ಟಿಯಲ್ಲಿ ಆರುನೂರ ನಲವತ್ತೊಂದನೆಯವನು.
ಕೋಚ್ ಇಲ್ಲ. ಮೂರು ಬ್ಯಾಟು.
ಹೋಟೆಲಿನ ತಿಂಡಿ ಮೇಜಿಂದ ಜೇಬಿಗಿಳಿಸಿದ
ಎರಡು ಬಾಳೆಹಣ್ಣು.

"ಇಪ್ಪತ್ಮೂರು ಕಿಲೋ" ಅಂದ.
ಮಗಾ, ಇದು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ,
ಇಲ್ಲಿಯ ಗಾಳಿ ನೀರು ಬೆರೆಸಿದ ಹಾಲು,
ಚೆಂಡು ಹಿಡಿತ ತಪ್ಪಿ ಹೈಕೋರ್ಟಿಗೆ ಹೊರಟುಬಿಡುತ್ತೆ, ಅಂದೆ.
ನಕ್ಕ. ಇಪ್ಪತ್ಮೂರೇ.

ಮಧ್ಯಾಹ್ನ ಮೊದಲ ಸೆಟ್ಟು ಒಂದು, ಆರು.
ಬೇಲಿಯ ಸಂದಿಯಿಂದ ಬ್ಯಾಟು ಚಾಚಿದ, ಮುಖ ಬೀಟ್‌ರೂಟು:
"ನೀವು ಹೇಳಿದ್ದು ಎಷ್ಟು?"

ಹದಿನೆಂಟು ನಿಮಿಷ. ಕತ್ತಿನ ಬಿಳಿ ಪಟ್ಟಿಯ ಮೇಲೆ
ಅಪ್ಪನ ಲೆಕ್ಕದ ಪುಸ್ತಕದ ರೂಢಿಯಂತೆ ಬರೆದೆ: ೨೪॥
ಅಂಕಿಯ ಪಕ್ಕ ನಿಂತ ಎರಡು ಗೆರೆ ಅಂದರೆ ಅರ್ಧ.

ಗೆದ್ದ. ಹೇಗೆ, ಕಾಣೆ.
ನನ್ನ ಜಾಗದಿಂದ ಆಟ ಕಾಣದು, ಸದ್ದು ಕೇಳುತ್ತದೆ.
ಮೊದಲು 'ದೊಪ್' ಅನ್ನುತ್ತಿದ್ದದ್ದು
ನಾಲ್ಕು ಗಂಟೆಯ ಹೊತ್ತಿಗೆ 'ಟಣ್' ಅಂತು.

ಸಂಜೆ ಬಂದು ಸ್ಟೂಲೆಳೆದು ಕೂತ.
ಅವನಪ್ಪ ಶಾಲೆಯ ಬಸ್ಸು ಓಡಿಸುತ್ತಾನಂತೆ.
ಚಳಿಗೆ ಆರು ತಿಂಗಳು ಸೂರಿನಡಿಯೇ ಆಟವಂತೆ:
"ಚೆಂಡು ಮೇಲೆ ತೂರಿದರೆ ಅಲ್ಲಿ ದೀಪ ಇರುತ್ತಿತ್ತು.
ಇಲ್ಲಿ ಸೂರ್ಯ.
ಸೂರ್ಯನನ್ನು ಹೇಗೆ ಹೊಡೆಯೋದು?"
ನನಗೇನು ಗೊತ್ತು. ಮೂರನೆಯ ಬ್ಯಾಟಿನ
ಕೊನೆಯ ಏಳು ಅಡ್ಡ ಎಳೆ ಅವನ ಕೈಗೇ ಕೊಟ್ಟೆ.
ಬೆರಳ ತುದಿಯಲ್ಲಿ ಆಣಿ, ಆದರೂ ಎಳೆ ತಪ್ಪಲಿಲ್ಲ.

ಮರುದಿನ ಬಿಸಿಲಿನ ತುದಿಯಿಂದ
ಎರಡೆರಡು ಸರ್ವ್ ನೆಟ್ಟಿಗೆ. ಸೋತ.
ಚೀಲ ಹೆಗಲಿಗೇರಿಸಿ ಬಂದು ನೋಟು ಎಣಿಸಿದ, ಮತ್ತೆ ಎಣಿಸಿದ.
"ಮೂರನೆಯದಕ್ಕೆ?"
ನಿನ್ನ ಕೂಲಿ ನನ್ನ ಕೂಲಿಗೆ ವಜಾ, ಅಂದೆ.
ಕನ್ನಡದಲ್ಲೇ ಅಂದೆ. ತಲೆಯಾಡಿಸಿದ.
ಒಂದು ಬಾಳೆಹಣ್ಣು ಮೇಜಿನ ಮೇಲೆ ಬಿಟ್ಟು ಹೋದ.

ಮಳೆಗಾಲದಲ್ಲಿ ಮಗಳು ಫೋನು ತೋರಿಸಿದಳು:
ಯಾವುದೋ ಊರು, ಕೆಂಪು ಮಣ್ಣು, ನೋಡುವವರು ಆರು ಜನ.
ಮೇಲ್ಕೆರೆ ಕೈಯಲ್ಲಿ ಬ್ಯಾಟು ತಿರುಗಿಸುತ್ತಿದ್ದ.
ಕತ್ತಿನ ಪಟ್ಟಿ ಬೆವರಿಗೆ ಹಳದಿಯಾಗಿದೆ, ಕಿತ್ತಿಲ್ಲ.
ಗಟ್ಟು ಎಷ್ಟು ಸಲ ಬದಲಾಯಿತೋ, ಯಾರು ಎಳೆದರೋ,
ಸಮುದ್ರದ ಊರಿರಬೇಕು, ಅಲ್ಲಿಗೆ ಇಪ್ಪತ್ನಾಲ್ಕೂವರೆ ತಪ್ಪು ಲೆಕ್ಕ.
ಕಿತ್ತುಹಾಕೋ, ಅಂದೆ ಫೋನಿಗೆ.

ಚೆಂಡು ತೂರಿದ. ಮೋಡವಿತ್ತು.
ಅಷ್ಟರಲ್ಲಿ ಚಿತ್ರ ನಿಂತು, ಸಣ್ಣ ಚಕ್ರ ತಿರುಗತೊಡಗಿತು,
ಅವನ ಕೈ ಮೇಲೆಯೇ ಇದೆ.