ತಳದ ಹಾಲು

ಬೆಳಗಿನ ಐದೂಮುಕ್ಕಾಲು. ಡೇರಿ ಬಾಗಿಲು ತೆಗೆಯುವ ಮುಂಚೆ
ಫೋನು ತೆಗೆಯುತ್ತೇನೆ.
ಕಣ್ಣಲ್ಲಿ ಇನ್ನೂ ನಿದ್ದೆ, ಪರದೆಯ ಮೇಲೆ ಆಗಲೇ ಧರ್ಮ:
ಸೂರ್ಯ ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಹದಿನೇಳು ಸೂರ್ಯರು,
ಅವರ ಕೆಳಗೆ ತಲಾ ಒಂದು ಬುದ್ಧಿಮಾತು.

ಕೆಲವು ಓದುತ್ತೇನೆ. ಸುಳ್ಳೇಕೆ, ಕೆಲವು ನಾಟುತ್ತವೆ ಕೂಡ.
ಅಪ್ಪ ಸತ್ತ ವಾರ ಯಾರೋ ಕಳಿಸಿದ ಎರಡು ಸಾಲು
ಮೂರು ದಿನ ಅನ್ನದಂತೆ ಹೊಟ್ಟೆಯಲ್ಲಿ ಉಳಿದಿತ್ತು.
ಕಳಿಸಿದ್ದು ಯಾರೋ, ಹೆಸರಿಲ್ಲದ ನಂಬರು.

ಇದು ಅಂಥ ಒಂದು ಮಾತಿನ ಲೆಕ್ಕ.

ಮಂಡ್ಯದಿಂದ ಕೆರಗೋಡು ದಾರೀಲಿ ಹನ್ನೊಂದು ಕಿಲೋಮೀಟರು,
ನಾಲೆ ತಿರುಗುವ ಕಡೆ ನಮ್ಮ ಡೇರಿ. ನಾನು ಪರೀಕ್ಷಕ.
ಕ್ಯಾನು ಬಂದಾಗ ಅಷ್ಟು ಹಾಲು ತೆಗೆದು
ಫ್ಯಾಟು ನೋಡಬೇಕು, ಚೀಟಿ ಬರೆಯಬೇಕು.
ನೋಡಲು ಸಾಕಾಗುವುದು ಚಮಚ. ತೆಗೆಯುತ್ತಿದ್ದದ್ದು ಸೌಟು.
ಒಂದು ಹೊತ್ತಿಗೆ ನೂರಾ ನಲವತ್ತು ಮನೆ;
ಮಿಕ್ಕಿದ್ದು ಎಷ್ಟೆಂದು ಲೆಕ್ಕ ಬಲ್ಲವರು ಹಾಕಿಕೊಳ್ಳಲಿ.
ಅದು ಹೋಟೆಲಿಗೆ ಹೋಗಿ ಕಾಫಿಯಾಗುತ್ತಿತ್ತು,
ತಿಂಗಳ ಕೊನೆಗೆ ನನ್ನ ಮಗಳ ಸ್ಕೂಲ್ ವ್ಯಾನಾಗುತ್ತಿತ್ತು.

ನಿಂಗಾಜಮ್ಮ, ಒಂದೇ ಹಸುವಿನವಳು, ಒಂದು ದಿನ
ಸೌಟಿನ ಕಡೆ ನೋಡದೆ, ನನ್ನ ಕಡೆಯೂ ನೋಡದೆ,
ಖಾಲಿ ಚೊಂಬು ಕವುಚುತ್ತ ಅಂದಳು:
"ಎರೆದಿದ್ದ ಎಣಿಸ್ಬ್ಯಾಡ ಕನ್ಲಾ ಜವರೇಶ,
ತಳದಲ್ಲಿ ಉಳಿಸ್ಕಂಡಿದ್ದ ಎಣಿಸು."

ಅದು ಬೈಗುಳ ಎಂದು ತಿಳಿಯಲು ಸಂಜೆಯಾಯಿತು.
ಬೈಗುಳ ಎಷ್ಟು ಚೆಂದ ಇದೆ ಎಂದು ತಿಳಿಯಲು ರಾತ್ರಿ.

ಊರಿನ ಗುಂಪಿಗೆ ಹಾಕಿದೆ. ಹಾಕುವಾಗ
ಕನ್ಲಾ ತೆಗೆದೆ, ಜವರೇಶ ತೆಗೆದೆ,
ಚೊಂಬು ತೆಗೆದೆ, ನಿಂಗಾಜಮ್ಮನನ್ನೂ ತೆಗೆದೆ.
'ಕೊಟ್ಟದ್ದನ್ನು ಎಣಿಸಬೇಡ, ಕೊಡದೆ ಉಳಿಸಿದ್ದನ್ನು ಎಣಿಸು.'
ಫ್ಯಾಟು ತೆಗೆದ ಹಾಲಿನಂತೆ ಬೆಳ್ಳಗೆ, ತೆಳ್ಳಗೆ
ಹೊರಟಿತು ಮಾತು.
ಮುಗಿದ ಕೈ ಇಪ್ಪತ್ತಾರು.

ಆಮೇಲೆ ಅದು ಎಲ್ಲೆಲ್ಲಿ ಉಂಡಿತೋ, ಎಲ್ಲಿ ಮಲಗಿತೋ.
ಮಳವಳ್ಳಿಯ ಷಡ್ಡಕ ತನ್ನ ಬಳಗಕ್ಕೆ ಕಳಿಸಿದ.
ಶ್ರೀರಂಗಪಟ್ಟಣದ ಟೈರ್ ಅಂಗಡಿ ಇನಾಯತ್ ಅದಕ್ಕೆ
ಹಸಿರು ಅಂಚು ಕಟ್ಟಿ ಶುಕ್ರವಾರ ಹಂಚಿದ;
ಜಕಾತ್ ಲೆಕ್ಕಕ್ಕೆ ಸರಿಯಾಗಿ ಒದಗಿತು ಅಂದನಂತೆ.
ಮೈಸೂರಿನ ಫಿಲೋಮಿನಾ ಟೀಚರ್ ಪಕ್ಕದಲ್ಲಿ ಮೇಣದಬತ್ತಿ ಹಚ್ಚಿದರಂತೆ.
ಯಾರೂ ಮಾತಿನ ಜಾತಿ ಕೇಳಲಿಲ್ಲ.
ಊರನ್ನೂ ಕೇಳಲಿಲ್ಲ.

ನಾಲ್ಕು ತಿಂಗಳಿಗೆ ಮನೆಗೆ ಬಂತು,
ದೊಡ್ಡವರ ಜೊತೆ ಓಡಾಡಿ ಬಂದ ಹುಡುಗನ ಹಾಗೆ:
ತಾವರೆ, ಹಿಮದ ಬೆಟ್ಟ, ಕಣ್ಣು ಮುಚ್ಚಿದ ಒಬ್ಬ ಗುರುಗಳು,
ಮಾತಿನ ಕೆಳಗೆ ಅವರ ಹೆಸರು.
ನೆತ್ತಿಯ ಮೇಲೆ: ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ.

ರೇಗಿತು. ಬೆರಳು ಓಡಿತು:
ಇದು ಯಾವ ಗುರುಗಳದೂ ಅಲ್ಲ, ನಮ್ಮೂರ ನಿಂಗಾಜಮ್ಮಂದು.
ಯಾವಾಗ ಅಂದಳು? ಎಂದು ಕೇಳುತ್ತಾರೆ.
ಯಾರಿಗೆ? ಎಂದು ಕೇಳುತ್ತಾರೆ.
ಯಾಕೆ?

ಬೆರಳು ನಿಂತಿತು.
ಪುಣ್ಯಕ್ಕೆ ಗುರುಗಳ ಕಣ್ಣು ಮುಚ್ಚಿತ್ತು.
ಅಳಿಸಿದೆ.

ಮಾರನೆ ಬೆಳಿಗ್ಗೆ ಅವಳೇ ಬಂದಳು. ಕನ್ನಡಕ ಇಲ್ಲ,
ಅಕ್ಷರವೂ ಅಷ್ಟಕ್ಕಷ್ಟೆ.
ಯಾಕೋ, ಫೋನು ತಿರುಗಿಸಿ ಗಟ್ಟಿಯಾಗಿ ಓದಿದೆ.
ಹಿಂದೆ ಸಾಲು, ಕ್ಯಾನು, ಕೆಮ್ಮು.
ಗುರುಗಳ ಮುಖ ಹತ್ತಿರ ಹಿಡಿದು ನೋಡಿದಳು.
"ಬೋ ಚೆಂದಾಗಿ ಹೇಳವ್ರೆ," ಅಂದಳು.
ಸೆರಗಲ್ಲಿ ಪರದೆ ಒರೆಸಿ ಕೊಡುತ್ತ,
"ಪಾಪ, ಅವ್ರ ಮಠದಲ್ಲೂ
ಹಾಲು ಅಳೆಯೋನೊಬ್ಬ ಇದ್ದಿರ್ಬೇಕು."

ಸಾಲು ನಕ್ಕಿತು. ಸ್ವಲ್ಪ ತಡವಾಗಿ ನಾನೂ.
ಸೌಟು ಕೆಳಗಿಟ್ಟು ಚಮಚ ಹುಡುಕಿದೆ,
ಮೇಜಿನ ಮೇಲೆ, ಖಾನೆಯಲ್ಲಿ, ರಿಜಿಸ್ಟರ್ ಹಿಂದೆ.
ಹನ್ನೆರಡು ವರ್ಷದಿಂದ ಅಲ್ಲಿ ಚಮಚವೇ ಇರಲಿಲ್ಲ.

ಮನೆಯಿಂದ ತರುತ್ತೇನೆ, ತಡಿ, ಅಂದೆ.
"ಹೋಗ್ಬಾ," ಅಂದಳು,
"ಅಷ್ಟರಲ್ಲಿ ಹಾಲೇನು ಒಡೆಯಾಕಿಲ್ಲ."